ಒಣಗಿದರೆ ಹುಳಿಯಾಗುವ ಮಣ್ಣು

ಲ್ಯಾಬಿಗೆ ಹೊಸದಾಗಿ ಸೇರುವ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇಷ್ಟೇ: ಮಣ್ಣನ್ನು ಮೂಸಿ ನೋಡಿ. ಯಂತ್ರಕ್ಕೆ ಕೊಡುವ ಮುಂಚೆ, ಡಬ್ಬಿಗೆ ಚೀಟಿ ಅಂಟಿಸುವ ಮುಂಚೆ, ಒಂದು ಸಲ ಮೂಗಿನ ಹತ್ತಿರ ಹಿಡಿಯಿರಿ. ಹೋದ ತಿಂಗಳು ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ಗೆಳತಿಯ ಮನೆಯ ಬಾರ್ಬಿಯಲ್ಲೂ, ಅಂದರೆ ಹಿತ್ತಲಿನ ಬಾರ್ಬೆಕ್ಯೂ ಊಟದಲ್ಲೂ, ಇದನ್ನೇ ಹೇಳಿದೆ. ಅವಳ ಮೊಮ್ಮಗಳು ಮೇಘನಾ ಗಣಿಗಳ ಪರಿಸರ ಪರೀಕ್ಷೆಯ ಕೆಲಸಕ್ಕೆ ಸೇರಿದ್ದಾಳೆ. ತಟ್ಟೆ ಹಿಡಿದುಕೊಂಡೇ ನಕ್ಕುಬಿಟ್ಟಳು.

"ಆಂಟಿ, ವಿ ಹ್ಯಾವ್ ಸೆನ್ಸರ್ಸ್ ಫಾರ್ ದಟ್!"

"ಇರ್ಲಮ್ಮ. ಆ ಸೆನ್ಸರ್ ಎಲ್ಲಿ ನೆಡಬೇಕು ಅಂತ ನಿಂಗೆ ಯಾರು ಹೇಳ್ತಾರೆ?" ಅಂದೆ.

ಅವತ್ತು ಸಾಸೇಜ್ ಸುಟ್ಟುಹೋಗುತ್ತಿತ್ತು ಎಂದು ಕಥೆ ಅರ್ಧಕ್ಕೆ ನಿಂತಿತು. ಅದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಗ್ರೇಸ್. ಮೈಸೂರಿನವಳು, ಓದಿದ್ದು ರಸಾಯನಶಾಸ್ತ್ರ. ನನ್ನ ಗಂಡ ವಿಕ್ಟರ್ ಅರಿವಳಿಕೆ ಕೊಡುವ ಡಾಕ್ಟರು. ಎಪ್ಪತ್ತರ ದಶಕದಲ್ಲಿ ನಾವು ಆಸ್ಟ್ರೇಲಿಯಾಕ್ಕೆ ಬಂದೆವು. ಅವರ ಆಸ್ಪತ್ರೆ ಬದಲಾದಂತೆಲ್ಲ ನನ್ನ ಊರೂ ಬದಲಾಯಿತು: ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್, ಕೊನೆಗೆ ಪರ್ತ್. ಮೂರು ಕಡೆಯೂ ನಾನು ಮಾಡಿದ್ದು ಒಂದೇ ಕೆಲಸ, ನೀರು ಮತ್ತು ಮಣ್ಣಿನ ಪರೀಕ್ಷೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎನ್ನುವುದನ್ನು ಬಿಟ್ಟುಬಿಡುತ್ತೇನೆ. ಅದನ್ನು ನೆನೆಸಿಕೊಂಡರೆ ನನಗೇ ಆಕಳಿಕೆ ಬರುತ್ತದೆ. ಮಣ್ಣಿನ ವಿಷಯ ಬಂದರೆ ಮಾತ್ರ ಈಗಲೂ ಕುರ್ಚಿಯ ತುದಿಗೆ ಬಂದು ಕೂರುತ್ತೇನೆ.

ಅಡಿಲೇಡ್‌ನಲ್ಲಿ ನನ್ನ ಮೇಲಧಿಕಾರಿ ರೆಗ್ ಎಂಬಾತ. ಮೊಣಕಾಲವರೆಗೆ ಬಿಳಿ ಕಾಲುಚೀಲ, ಕಿವಿಯ ಮೇಲೆ ಪೆನ್ಸಿಲ್. ಅವನ ಪಾಲಿಗೆ ಲ್ಯಾಬಿನ ಕೈಪಿಡಿಯೇ ಬೈಬಲ್. ಕಡಲ ಪಕ್ಕದ ಉಪ್ಪುಕೆಸರಿನಲ್ಲಿ ಬೆಳೆದ ಕಾಂಡ್ಲಾ ಕಾಡನ್ನು ತುಂಬಿಸಿ ಗೋದಾಮು ಕಟ್ಟುವ ಕೆಲಸವೊಂದಿತ್ತು. ಅಲ್ಲಿನ ಮಣ್ಣನ್ನು ಬಟ್ಟೆಯ ಚೀಲಗಳಲ್ಲಿ ಕಳಿಸಿದ್ದರು. ತಂದವನು ಅವನ್ನು ತಣ್ಣನೆಯ ಕೋಣೆಯಲ್ಲಿಡುವ ಬದಲು ಬಾಯ್ಲರ್ ಪಕ್ಕದಲ್ಲಿ ಎಸೆದು ಕ್ರಿಸ್ಮಸ್ ರಜೆಗೆ ಹೋಗಿಬಿಟ್ಟ. ರಜೆ ಮುಗಿಸಿ ಬಂದು ಒಂದು ಚೀಲ ಎತ್ತಿದೆ. ಕೈಯಲ್ಲಿ ಬಟ್ಟೆ ಮಾತ್ರ ಉಳಿಯಿತು, ಮಣ್ಣೆಲ್ಲ ನೆಲಕ್ಕೆ ಬಿತ್ತು! ಚೀಲದ ತಳವನ್ನು ಇಲಿ ತಿಂದಂತೆ ಏನೋ ತಿಂದುಹಾಕಿತ್ತು. ಬೂದಿ ಬಣ್ಣದ ಮಣ್ಣಿನ ತುಂಬ ಒಣಹುಲ್ಲಿನ ಹಳದಿಯ ಚುಕ್ಕೆಗಳು. ಒಂದು ಚಿಟಿಕೆ ನೀರಿಗೆ ಹಾಕಿ ಪರೀಕ್ಷಿಸಿದರೆ ನಿಂಬೆರಸಕ್ಕಿಂತ ಹೆಚ್ಚು ಹುಳಿ.

ರೆಗ್‌ನನ್ನು ಓಡಿಹೋಗಿ ಕರೆತಂದೆ. ಅವನು ಬಾಗಿ ನೋಡಿ, ಪೊರಕೆ ತಂದುಕೊಟ್ಟ.

"ಕೆಟ್ಟುಹೋದ ಮಣ್ಣು, ಗ್ರೇಸ್. ಒಣಗಿಬಿಟ್ಟಿದೆ. ಕೈಪಿಡಿ ಏನು ಹೇಳುತ್ತೆ? ಹಸಿಯಾಗಿ, ತಣ್ಣಗೆ. ಬಿಸಾಕು."

"ಆದ್ರೆ ಚೀಲ ಹೇಗೆ ತೂತಾಯ್ತು?"

"ಚೀಲ ಪರೀಕ್ಷೆ ಮಾಡೋಕೆ ನಮಗೆ ಸಂಬಳ ಕೊಡಲ್ಲ."

ಗುಡಿಸಿ ಬಿಸಾಕಿದೆ. ಆದರೆ ಆ ತೂತು ತಲೆಯೊಳಗೆ ಉಳಿದುಬಿಟ್ಟಿತು. ರಾತ್ರಿ ಅಡುಗೆ ಮಾಡುತ್ತಾ ವಿಕ್ಟರ್‌ಗೆ ಹೇಳಿದರೆ, "ನಿಮ್ ಮಣ್ಣಿಗೆ ಅಸಿಡಿಟಿ ಬಂದಿದೆ ಕಣೇ, ಒಂದ್ ಮಾತ್ರೆ ಹಾಕು" ಎಂದು ನಕ್ಕರು. ಅಂದಿನ ನಮ್ಮ ವಿಧಾನವೇ ಹಾಗಿತ್ತು. ಒಣಗಿದ ಮಣ್ಣು ಎಂದರೆ ಹಾಳಾದ ಮಣ್ಣು. ಗಣಿಯೋ ಗೋದಾಮೋ ಬಂದ ಮೇಲೆ ಅದು ಹೇಗೂ ಒಣಗುತ್ತದಲ್ಲ ಎಂದು ಯಾರೂ ಯೋಚಿಸುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಬ್ರಿಸ್ಬೇನ್‌ನಲ್ಲಿ. ಅಲ್ಲಿನ ಮೇಲಧಿಕಾರಿ ಹೆಂಕ್, ಹಾಲೆಂಡ್‌ನಲ್ಲಿ ಹುಟ್ಟಿದವನು, ಬೂಟಿನ ಕೆಸರು ಒರೆಸದೆ ಆಫೀಸಿಗೆ ಬರುವ ಮನುಷ್ಯ. ಉದ್ದನೆಯ ಒಣಹವೆ ಮುಗಿದು ಮೊದಲ ದೊಡ್ಡ ಮಳೆ ಬಿದ್ದಿತ್ತು. ಊರಿನ ಉತ್ತರಕ್ಕೆ, ಕಬ್ಬಿನ ಗದ್ದೆಗಳ ಕೆಳಗಿನ ತೊರೆಯಲ್ಲಿ ಮೀನುಗಳು ಸಾಯುತ್ತಿವೆ ಎಂದು ಫೋನ್ ಬಂತು. ಇಬ್ಬರೂ ಹೋದೆವು.

ದಡದಲ್ಲಿ ನಿಂತು ನಾನು ಬಾಯಿ ತೆರೆದುಬಿಟ್ಟೆ. ನೀರು ಅಷ್ಟು ಚೆನ್ನಾಗಿತ್ತು! ಮಳೆ ಬಂದ ಮಾರನೆಯ ದಿನ ಕೆಂಪು ರಾಡಿಯಾಗಿರಬೇಕಾದ ತೊರೆ ತಿಳಿನೀಲಿ ಗಾಜಿನ ಹಾಗಿತ್ತು. ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಆ ಕಲ್ಲುಗಳ ಮೇಲೆಲ್ಲ ಸತ್ತ ಮೀನು. ಬದುಕಿ ಉಳಿದ ಒಂದೆರಡು ಮೀನಿನ ಮೈಮೇಲೆ ಕೆಂಪು ಹುಣ್ಣು. ಗದ್ದೆಯ ರೈತ ದೂರದಿಂದಲೇ ಕೂಗಿದ: "ನಾನೇನೂ ಔಷಧ ಹೊಡೆದಿಲ್ಲ! ನೀರು ನೋಡಿ, ಕುಡಿಯೋ ಹಾಗಿದೆ!"

"ಕುಡಿಯಬೇಡ" ಎಂದು ಹೆಂಕ್ ಅವನಿಗಿಂತ ಜೋರಾಗಿ ಕೂಗಿದ.

ಗದ್ದೆಗೆ ಹೊಸದಾಗಿ ತೋಡಿದ ಆಳದ ಕಾಲುವೆಯ ಏರಿಯ ಮೇಲೆ ಅದೇ ಹಳದಿ ಚುಕ್ಕೆಗಳು! ಅಡಿಲೇಡ್‌ನ ಚೀಲದ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಹೆಂಕ್‌ನ ಕಣ್ಣು ಅರಳಿತು. ಸಮುದ್ರ ಹಿಂದೆ ಸರಿದು ಬಿಟ್ಟುಹೋದ ಜೌಗಿನ ಮಣ್ಣಿನಲ್ಲಿ ಕಬ್ಬಿಣವೂ ಗಂಧಕವೂ ಸೇರಿಕೊಂಡು ಕೂತಿರುತ್ತವೆ, ನೀರಿನಡಿ ಇರುವ ತನಕ ತೆಪ್ಪಗಿರುತ್ತವೆ, ಅಗೆದು ಗಾಳಿಗೆ ಒಡ್ಡಿದರೆ ಗಂಧಕಾಮ್ಲ ಹುಟ್ಟುತ್ತದೆ ಎಂದು ಅಲ್ಲೇ ದಡದ ಮೇಲೆ ಪಾಠ ಮಾಡಿದ. ಅವನ ದೇಶದಲ್ಲಿ ಕಡಲನ್ನು ಒತ್ತಿ ಹೊಲ ಮಾಡಿದವರು ಇದನ್ನು ತಲೆತಲಾಂತರದಿಂದ ಅನುಭವಿಸಿದ್ದರಂತೆ. ಮಳೆ ಆ ಆಮ್ಲವನ್ನು ತೊಳೆದು ತೊರೆಗೆ ತಂದಾಗ ನೀರಿನ ರಾಡಿಯೆಲ್ಲ ತಳಕ್ಕೆ ಕೂತುಬಿಡುತ್ತದೆ. ಅದಕ್ಕೇ ಆ ತಿಳಿ. ಬಣ್ಣ ಚೆನ್ನಾಗಿದ್ದಷ್ಟೂ ವಿಷ!

ಲ್ಯಾಬಿಗೆ ವಾಪಸಾಗಿ ಅವನೊಂದು ಆಟ ತೋರಿಸಿದ. ಹಸಿ ಮಣ್ಣಿನ ಮೇಲೆ ಗಾಢ ಹೈಡ್ರೋಜನ್ ಪೆರಾಕ್ಸೈಡ್ ಸುರಿದ. ತಿಂಗಳುಗಟ್ಟಲೆ ಗಾಳಿ ಮಾಡುವ ಕೆಲಸವನ್ನು ಅದು ನಿಮಿಷಗಳಲ್ಲಿ ಮಾಡಿಬಿಡುತ್ತದೆ. ಗ್ಲಾಸಿನೊಳಗೆ ಮಣ್ಣು ಹಾಲಿನ ಹಾಗೆ ಉಕ್ಕಿತು. ಆ ಆರ್ವೊ, ಅಂದರೆ ಮಧ್ಯಾಹ್ನವೆಲ್ಲ, ನಾವಿಬ್ಬರೂ ಚಹಾ ಮರೆತು, ಲ್ಯಾಬಿನಲ್ಲಿದ್ದ ಮಣ್ಣುಗಳನ್ನೆಲ್ಲ ಒಂದೊಂದಾಗಿ ಉಕ್ಕಿಸಿದೆವು. ನನ್ನ ಇಡೀ ಓದಿನಲ್ಲಿ ಅಷ್ಟು ಸಂತೋಷದ ಪಾಠ ಇನ್ನೊಂದಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾವು ಪರ್ತ್‌ಗೆ ಬಂದು ಮೋರ್ಲಿಯಲ್ಲಿ ಮನೆ ಮಾಡಿದೆವು. ನನ್ನ ಸರ್ಕಾರಿ ಆಫೀಸು ಸಿಟಿಯಲ್ಲಿ. ಅಲ್ಲಿ ಕೊಠಡಿಯಿಂದ ಕೊಠಡಿಗೆ ನಕ್ಷೆಗಳು, ಗಣಿಯವರ ದಪ್ಪ ವರದಿಗಳು. ಮೇಲಧಿಕಾರಿ ಕಾಲಿನ್ ಮಿತಭಾಷಿ. ಒಂದು ವಾಕ್ಯ ಬರೆಯಲು ಮೂರು ಸಲ ಯೋಚಿಸುವವನು. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೊಂದು ವರದಿ ಇಟ್ಟ.

"ದಕ್ಷಿಣ ಕರಾವಳಿ. ನದಿಯ ಜೌಗಿನಲ್ಲಿ ಟೈಟಾನಿಯಂ ಇರುವ ಕಪ್ಪು ಮರಳಿನ ಗಣಿ ಬೇಕಂತೆ. ಊರಲ್ಲಿ ಅರ್ಧ ಜನಕ್ಕೆ ಬೇಕು, ಅರ್ಧ ಜನಕ್ಕೆ ಬೇಡ. ಹೋಗಿ ನದಿಯ ನೀರು ನೋಡ್ಕೊಂಡು ಬನ್ನಿ."

ಆ ನದಿ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಂಡು ಒಂದು ಹಿನ್ನೀರಾಗುತ್ತದೆ. ಊರಿನವರು ಅದನ್ನು 'ಇನ್ಲೆಟ್' ಎಂದಷ್ಟೇ ಕರೆಯುತ್ತಿದ್ದರು. ಸಣ್ಣ ಮೀನುಗಳು ಅಲ್ಲಿ ಬೆಳೆದು, ನದೀಮುಖಕ್ಕೆ ಅಡ್ಡ ಬಿದ್ದ ಮರಳಿನ ದಿಬ್ಬ ಒಡೆದಾಗ ಕಡಲಿಗೆ ಇಳಿಯುತ್ತವೆ. ಆ ಸಣ್ಣ ಮೀನಿನ ಬೆನ್ನುಹತ್ತಿ ಈಸ್ಟರ್ ಹೊತ್ತಿಗೆ ಸಾಲ್ಮನ್ ಹಿಂಡು ದಂಡೆಗೆ ಬರುತ್ತದೆ. ಯುರೋಪಿನ ಸಾಲ್ಮನ್‌ಗೂ ಇದಕ್ಕೂ ವಂಶದ ನಂಟಿಲ್ಲ. ಆದರೆ ಆ ಊರಲ್ಲಿ ಹಾಗೆಂದು ಹೇಳಿ ನೋಡಿ!

ಹೇಳಿದರೆ ಮೊದಲು ಜಗಳಕ್ಕೆ ಬರುವವಳು ಡಾಟ್. ಊರಿನ ಸರ್ವೊ, ಅಂದರೆ ಪೆಟ್ರೋಲ್ ಬಂಕ್, ಅವಳದು. ಪೆಟ್ರೋಲ್ ಹಾಕುವುದು, ಪೈ ಮಾರುವುದು, ಗಣಿ ವಿರೋಧಿ ಸಮಿತಿ ನಡೆಸುವುದು ಎಲ್ಲ ಒಂದೇ ಕೌಂಟರಿನ ಹಿಂದೆ. ಸಾಲ್ಮನ್ ಕಾಲದಲ್ಲಿ ಬಲೆ ಎಳೆಯುವ ತಂಡವೂ ಅವಳ ಮನೆತನದ್ದೇ. ನನ್ನ ಕಾರಿನ ಮೇಲಿನ ಸರ್ಕಾರಿ ಗುರುತು ನೋಡಿ ಪೆಟ್ರೋಲ್ ಪೈಪನ್ನು ಕೈಯಲ್ಲೇ ಹಿಡಿದು ನಿಂತಳು.

"ನೋಡೋಕೆ ಬಂದ್ಯಾ, ಇಲ್ಲ ಸಹಿ ಹಾಕೋಕೆ ಬಂದ್ಯಾ, ಲವ್?"

"ನೋಡೋಕೆ."

"ಹಾಗಾದ್ರೆ ಬೂಟು ಸಾಲದು. ಇದನ್ನ ಹಾಕ್ಕೋ" ಎಂದು ತೊಡೆವರೆಗಿನ ರಬ್ಬರ್ ಬೂಟು ಎಸೆದಳು. ಅವು ನನಗೆ ಸೊಂಟದವರೆಗೆ ಬಂದವು.

ಅವಳ ತಮ್ಮ ಗ್ಯಾರಿ ಅಲ್ಲೇ ಕೂತು ಪೈ ತಿನ್ನುತ್ತಿದ್ದ. ಮರದ ಮಿಲ್ಲು ಮುಚ್ಚಿ ಅವನ ಕೆಲಸ ಹೋಗಿತ್ತು, ಮೂರು ಮಕ್ಕಳು ಬೇರೆ. "ಅವಳ ಮಾತು ಕೇಳ್ಬೇಡಿ ಮಿಸ್ಸಸ್. ಮೀನು ಹಿಡಿದು ಈಗ ಯಾರ ಹೊಟ್ಟೇನೂ ತುಂಬಲ್ಲ. ಗಣಿ ಬಂದ್ರೆ ನಾನು ಇದೇ ಊರಲ್ಲಿ ಇರ್ತೀನಿ. ಬರದಿದ್ರೆ ಗಂಟುಮೂಟೆ ಕಟ್ಟಬೇಕು" ಅಂದ. ಡಾಟ್ ಪೈಪನ್ನು ಠಪ್ಪೆಂದು ನೇತುಹಾಕಿದಳು. ಯಾರದು ಸರಿ ಎಂದು ನನಗೆ ಅವತ್ತು ಗೊತ್ತಾಗಲಿಲ್ಲ.

ನದಿಯ ನೀರು ಚೆನ್ನಾಗಿತ್ತು. ಮೇಲೆ ತೇಲುವ ಎಲೆ, ಚಹಾದ ಬಣ್ಣ, ಎಲ್ಲ ಆರೋಗ್ಯದ ಲಕ್ಷಣ. ಕಂಪನಿಯ ವರದಿಯಲ್ಲಿ ಜೌಗಿನ ಮಣ್ಣಿನ ಪರೀಕ್ಷೆಯೂ ಇತ್ತು: ಹಸಿ, ತಣ್ಣಗೆ, ನಿರಪಾಯ. ಕೈಪಿಡಿಯ ಪ್ರಕಾರ ನನ್ನ ಕೆಲಸ ಮುಗಿದಿತ್ತು. ವಾಪಸಾಗುವ ಮುಂಚೆ ಡಾಟ್‌ನ ಸಲಿಕೆಯಿಂದ ಜೌಗಿನಲ್ಲಿ ಒಂದು ಗುಂಡಿ ತೋಡಿದೆ. ಮೇಲೆ ಕಪ್ಪು ಬೇರಿನ ಪದರ, ಅದರಡಿ ಬಿಳಿ ಮರಳು. ಅದಕ್ಕೂ ಕೆಳಗೆ ಬೆಣ್ಣೆಯಂಥ ನೀಲಿಬೂದಿ ಕೆಸರು ಬಂತು. ಮೂಗಿಗೆ ಹಿಡಿದೆ. ಕೊಳೆತ ಮೊಟ್ಟೆ! ಸಲಿಕೆ ಅಲ್ಲೇ ಬಿಟ್ಟು, ಎರಡು ಕೈಯಲ್ಲೂ ಕೆಸರು ತುಂಬಿಕೊಂಡು ಕಾರಿಗೆ ಓಡಿದೆ. ಒಂದು ಬೂಟು ಜೌಗಿನಲ್ಲೇ ಉಳಿಯಿತು.

ಲ್ಯಾಬಿನಲ್ಲಿ ಒಣಗಿಸಲು ಅನುಮತಿ ಇರಲಿಲ್ಲ. ಮೋರ್ಲಿಯ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಕೇಕ್ ತಟ್ಟೆಗಳಲ್ಲಿ ಹರಡಿದೆ. ಮಗಳು ಶೀಲಾ ಮೂಗು ಮುಚ್ಚಿಕೊಂಡು ಶಾಲೆಗೆ ಓಡಿದಳು. "ಮಮ್ಮಿ, ಇಟ್ ಸ್ಟಿಂಕ್ಸ್!" ವಿಕ್ಟರ್ ಮಾತ್ರ ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಬಾಗಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಹೊರಗಿನಿಂದ ಕೂಗಿದರು: "ಗ್ರೇಸೀ, ಬಾರೇ ಬೇಗ! ಹಳದಿ ಬಂದ್ಬಿಟ್ಟಿದೆ!"

ಕಾಲಿನ್ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದ. "ನಿಮ್ಮ ಹಿತ್ತಲು ಸರ್ಕಾರದ ಲ್ಯಾಬ್ ಅಲ್ಲ, ಗ್ರೇಸ್. ಇದನ್ನ ನಾನು ಎಲ್ಲೂ ಬರೆಯೋಕಾಗಲ್ಲ. ಕಂಪನಿಯವರು ಒಂದೇ ಏಟಿಗೆ ಹೊಡೆದುಹಾಕ್ತಾರೆ."

"ಹಾಗಾದ್ರೆ ಲ್ಯಾಬಲ್ಲಿ ಮಾಡೋಕೆ ಬಿಡಿ."

"ಕೈಪಿಡೀಲಿ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡ. "ಗಣಿಯ ಬಗ್ಗೆ ಆ ಊರಲ್ಲಿ ಸಭೆ ಇದೆ, ನನ್ನ ಜೊತೆ ಬನ್ನಿ. ನಾವು ಸರ್ಕಾರದವರು, ಯಾವ ಪಕ್ಷಕ್ಕೂ ಸೇರಿದವರಲ್ಲ. ಕೇಳಿದ್ರೆ ಮಾತ್ರ ಉತ್ತರ. ಭಾಷಣ ಇಲ್ಲ."

ಮೀರಿದರೆ ಏನಾಗುತ್ತದೆಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನ್ನದು ಪ್ರತಿವರ್ಷ ನವೀಕರಿಸಬೇಕಾದ ತಾತ್ಕಾಲಿಕ ಕೆಲಸ. ಸಭೆಯ ದಿನ ಕಾರಿನ ಡಿಕ್ಕಿಯಲ್ಲಿ ನನ್ನ ಐಸ್ ಪೆಟ್ಟಿಗೆ ನೋಡಿ, "ಏನದು?" ಎಂದು ಕೇಳಿದ. "ಊಟ" ಎಂದೆ. ಮುನ್ನೂರು ಮೈಲಿಯಷ್ಟು ದಾರಿಯಲ್ಲಿ ಅವನು ಊಟ ಕೇಳಲೇ ಇಲ್ಲ.

ಹಾಲ್ ಕಿಕ್ಕಿರಿದಿತ್ತು. ಒಂದು ಬದಿಗೆ ಡಾಟ್‌ನ ಕಡೆಯವರು, ಇನ್ನೊಂದು ಬದಿಗೆ ಗ್ಯಾರಿಯ ಕಡೆಯವರು, ನಡುವೆ ಮದುವೆ ಮನೆಯಲ್ಲಿ ಗಂಡಿನ ಕಡೆ ಹೆಣ್ಣಿನ ಕಡೆ ಬಿಟ್ಟ ಹಾಗೆ ಖಾಲಿ ದಾರಿ. ಮುಂದಿನ ಸಾಲಿನಲ್ಲಿ ಆಂಟಿ ರೂಬಿ ಎಂಬ ನೂಂಗಾರ್ ಮೂಲನಿವಾಸಿ ಹಿರಿಯಳು ಮಕ್ಕಳು ಮರಿಗಳ ಜೊತೆ ಕೂತಿದ್ದಳು. ಆ ಹಿನ್ನೀರಿನ ದಡ ಅವಳ ಜನರ ಪೂರ್ವಿಕರ ನೆಲ. ಹಿರಿಯರನ್ನು ಆಂಟಿ ಎನ್ನುವುದು ನಮ್ಮವರ ಅಭ್ಯಾಸ ಮಾತ್ರ ಎಂದುಕೊಂಡಿದ್ದ ನನಗೆ ಅದೊಂದು ಖುಷಿ.

ಕಂಪನಿಯ ರಸ್ಸೆಲ್ ಎಂಬ ಎಂಜಿನಿಯರ್ ಬಣ್ಣದ ಚಿತ್ರಗಳನ್ನು ತೋರಿಸಿದ. ಒಳ್ಳೆಯ ಮಾತುಗಾರ. ತಾನು ಹೇಳುತ್ತಿದ್ದುದನ್ನು ಅವನು ನಿಜವಾಗಿಯೂ ನಂಬಿದ್ದ. ಜೌಗಿನ ನೀರು ಬಸಿದು, ಕೆಸರು ತೆಗೆದು ಬದಿಗಿಟ್ಟು, ಅದರಡಿಯ ಕಪ್ಪು ಮರಳು ತೆಗೆದುಕೊಂಡು, ಮತ್ತೆ ಮುಚ್ಚಿ ಹುಲ್ಲು ಬೆಳೆಸುತ್ತೇವೆ ಎಂದ. ಅರ್ಧ ಹಾಲ್ ಚಪ್ಪಾಳೆ ತಟ್ಟಿತು, ಅರ್ಧ ಹಾಲ್ ಕೂಗಾಡಿತು.

ಆಗ ಎದ್ದು ನಿಂತವನು ಗ್ಯಾರಿ.

"ಆ ಕೆಸರಿನ ಗುಡ್ಡೆ ವರ್ಷಗಟ್ಟಲೆ ಬಿಸಿಲಲ್ಲಿ ಇರುತ್ತಲ್ಲ. ಅದರ ಮೇಲೆ ಕೆಲಸ ಮಾಡೋರು ನಾವು. ಒಣಗಿದ್ರೆ ಏನಾಗುತ್ತೆ?"

"ಏನೂ ಆಗಲ್ಲ ಮೇಟ್. ಒಳ್ಳೆ ಗೊಬ್ಬರದ ಮಣ್ಣು" ಎಂದ ರಸ್ಸೆಲ್.

ಗ್ಯಾರಿ ನನ್ನ ಕಡೆ ತಿರುಗಿದ. "ಮಿಸ್ಸಸ್, ನೀವು ಅಗೆದು ತಗೊಂಡು ಹೋದ್ರಲ್ಲ. ನೀವೇನಂತೀರಾ?"

ಇಡೀ ಹಾಲ್ ನನ್ನನ್ನೇ ನೋಡಿತು. ನಾನು ಕಾಲಿನ್‌ನನ್ನು ನೋಡಿದೆ. ಅವನು ತನ್ನ ಬೆರಳುಗಳನ್ನು ನೋಡುತ್ತಿದ್ದ.

"ಪ್ರಶ್ನೆ ಕೇಳಿದ್ದಾರೆ, ಗ್ರೇಸ್" ಎಂದ ಕೊನೆಗೆ. "ಉತ್ತರ ಕೊಡಿ. ಊಟದ ಪೆಟ್ಟಿಗೆ ಬೇಕಾದ್ರೆ ತಗೊಂಡು ಬನ್ನಿ."

ಓಡಿದೆ! ಪೆಟ್ಟಿಗೆ ತಂದು, ಮೇಜಿನ ಮೇಲೆ ಮೂರು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ಸಮುದ್ರ ದಂಡೆಯ ಮರಳು, ಒಂದರಲ್ಲಿ ಜೌಗಿನ ಕೆಸರು, ಮೂರನೆಯದು ಖಾಲಿ. ಕೈಗವಸು ಹಾಕಿ ಮೂರಕ್ಕೂ ಪೆರಾಕ್ಸೈಡ್ ಸುರಿದೆ. ಬಿಸಿಲು ಮತ್ತು ಗಾಳಿ ನಿಧಾನವಾಗಿ ಮಾಡುವ ಕೆಲಸವನ್ನು ಇದು ಬೇಗ ಮಾಡುತ್ತದೆ ಎಂದು ಹೇಳಿದೆ.

ಏನೂ ಆಗಲಿಲ್ಲ.

ಯಾರೋ ಕೆಮ್ಮಿದರು. ಹಿಂದೆ ಒಬ್ಬ ನಕ್ಕ. ರಸ್ಸೆಲ್ ಸೌಜನ್ಯದಿಂದ ಗಡಿಯಾರ ನೋಡಿಕೊಂಡ. ತಣ್ಣನೆಯ ಪೆಟ್ಟಿಗೆಯಿಂದ ಬಂದ ಕೆಸರು ಬಿಸಿಯಾಗಲು ಹೊತ್ತು ಬೇಕೆಂದು ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ, ಊರಿನ ಎದುರು ಕಾಯುವುದು ಬೇರೆ.

ಆಮೇಲೆ ನಡುವಿನ ಲೋಟದಲ್ಲಿ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಒಮ್ಮೆಲೇ ಕಂದು ನೊರೆ ಬುಸುಗುಟ್ಟಿ ಮೇಲೆದ್ದು, ಲೋಟ ತುಂಬಿ, ಮೇಜಿನ ಬಟ್ಟೆಯ ಮೇಲೆ ಹರಿಯಿತು! ಹಬೆ ಸೂರಿನ ಕಡೆ ಏರಿತು. ಸುಟ್ಟ ಬೆಂಕಿಕಡ್ಡಿಯ ವಾಸನೆ ಮುಂದಿನ ಸಾಲನ್ನು ಮುಟ್ಟಿತು. ಮಕ್ಕಳು ಕಿರುಚುತ್ತ ಎದ್ದರು, ದೊಡ್ಡವರು ಕುರ್ಚಿ ಹತ್ತಿದರು. ಪರೀಕ್ಷಾ ಕಾಗದವನ್ನು ಅದ್ದಿ ಎತ್ತಿ ಹಿಡಿದೆ. ರಕ್ತದಂತೆ ಕೆಂಪು, ಕಡು ಆಮ್ಲದ ಗುರುತು.

"ಪೆರಾಕ್ಸೈಡೇ ಆಮ್ಲ! ಯಾರಿಗೆ ಗೊತ್ತಿಲ್ಲ ಅದು?" ರಸ್ಸೆಲ್ ಎದ್ದುನಿಂತ.

"ಅದಕ್ಕೇ ಮೊದಲೇ ಕ್ಷಾರ ಹಾಕಿ ಅದರ ಹುಳಿ ತೆಗೆದು ತಂದಿದ್ದೀನಿ. ಆಮ್ಲ ಇಲ್ಲದಿದ್ರೆ ಹಸಿರು ಬರುತ್ತೆ, ನೀವೇ ನೋಡಿ" ಎಂದು ಎರಡು ಕಾಗದದ ಚೂರು ಅವನ ಕೈಗೇ ಕೊಟ್ಟೆ. ಅವನು ಮರಳಿನ ಲೋಟಕ್ಕೆ ಅದ್ದಿದ. ಹಸಿರು. ಪೆರಾಕ್ಸೈಡ್ ಮಾತ್ರ ಇದ್ದ ಲೋಟಕ್ಕೆ ಅದ್ದಿದ. ಹಸಿರು. ನನ್ನ ಕೆಂಪು ಕಾಗದವನ್ನೂ ತೆಗೆದುಕೊಂಡು, ಮೂರನ್ನೂ ಅಂಗೈ ಮೇಲೆ ಇಟ್ಟುಕೊಂಡು ನಿಂತುಬಿಟ್ಟ. ಅವನು ಪ್ರಾಮಾಣಿಕ ಎಂದು ನನಗೆ ಆಗ ಗೊತ್ತಾಯಿತು. ಮುಖ ಬಿಳಿಚಿಕೊಂಡಿತ್ತು.

ಆಂಟಿ ರೂಬಿ ಕೂತಲ್ಲಿಂದಲೇ ಕೇಳಿದಳು: "ಮಳೆ ಬಂದಾಗ ಇದು ಎಲ್ಲಿಗೆ ಹೋಗುತ್ತೆ, ಮಗಳೇ?"

"ಇನ್ಲೆಟ್‌ಗೆ, ಆಂಟಿ."

ಬ್ರಿಸ್ಬೇನ್‌ನ ಆ ತಿಳಿನೀಲಿ ತೊರೆಯ ಕಥೆ ಹೇಳಿದೆ. ಭಾಷಣ ಕೂಡದು ಎಂದಿದ್ದ ಕಾಲಿನ್ ತಡೆಯಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಡಾಟ್ ಗೆದ್ದವಳಂತೆ ಕೈ ಮೇಲೆತ್ತಿದಳು. ಗ್ಯಾರಿ ಮಾತ್ರ ಮೇಜಿನ ಹತ್ತಿರ ಬಂದು ಹರಿದ ನೊರೆಯನ್ನು ನೋಡಿದ.

"ಸರಿ, ಮೀನು ಉಳೀತು. ನನ್ನ ಕೆಲಸ?"

ಅದನ್ನು ಉಳಿಸುವುದು ನನ್ನ ಕೈಲಿಲ್ಲ ಎಂದೇ ಹೇಳಿದೆ. ಅವನು ಅಕ್ಕನ ಕಡೆ ನೋಡದೆ ಹೊರಗೆ ಹೋದ. ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಕಂಪನಿ ದೂರು ಕೊಟ್ಟಿತು. ಕಾಲಿನ್‌ನನ್ನು ಮೇಲಿನವರು ಕರೆಸಿದರು. "ಸಾರ್ವಜನಿಕರು ಕೇಳಿದ ಪ್ರಶ್ನೆಗೆ ನಮ್ಮ ಸಿಬ್ಬಂದಿ ಉತ್ತರ ಕೊಟ್ಟಿದ್ದಾರೆ" ಎಂಬ ಒಂದೇ ವಾಕ್ಯವನ್ನು ಅವನು ಎಲ್ಲ ಕೊಠಡಿಗಳಲ್ಲೂ ಹೇಳಿದನಂತೆ. ಲ್ಯಾಬಿನಲ್ಲಿ ಒಣಗಿಸುವ ಪರೀಕ್ಷೆಗೆ ಅನುಮತಿ ಬಂತು. ಕೈಪಿಡಿಗೆ ಹೊಸ ಪುಟ ಸೇರಿತು. ಅತ್ತ ರಸ್ಸೆಲ್ ತಾನೇ ಇಪ್ಪತ್ತು ಗುಂಡಿ ತೋಡಿಸಿ ಮಣ್ಣು ಕಳಿಸಿದ. ಅವನ ಫಲಿತಾಂಶ ನನ್ನದಕ್ಕಿಂತ ಕೆಟ್ಟದಾಗಿ ಬಂತು. ಕಂಪನಿ ಜೌಗಿನ ಯೋಜನೆಯನ್ನು ಕೈಬಿಟ್ಟಿತು. ಅವತ್ತು ನಾನು ಸಿಟಿಯ ಬಸ್ಸಿನಲ್ಲಿ ಇಳಿಯಬೇಕಾದ ಸ್ಟಾಪ್ ದಾಟಿ, ಒಂದು ಸುತ್ತು ಸುಮ್ಮನೆ ತಿರುಗಿ ಬಂದೆ. ಕೂತ ಕಡೆ ಕೂರಲಾಗುತ್ತಿರಲಿಲ್ಲ, ಅಷ್ಟು ಉಲ್ಲಾಸ. ಆದರೂ ಗ್ಯಾರಿಯ ಪ್ರಶ್ನೆ ಜೊತೆಗೇ ಬಂತು. ಈ ಕೆಲಸಕ್ಕೆ ಬರುವವರೇ, ನಿಮಗೂ ಅದು ಬರುತ್ತದೆ. ಗೆದ್ದ ದಿನವೂ ಬರುತ್ತದೆ.

ಮುಂದಿನ ವರ್ಷ ಈಸ್ಟರ್ ಹತ್ತಿರ ಡಾಟ್‌ನ ಫೋನ್ ಬಂತು. ಹಲೋ ಕೂಡ ಇಲ್ಲ.

"ಸಾಲ್ಮನ್ ಬರ್ತಾ ಇವೆ, ಲವ್! ಪಕ್ಕದ ದಂಡೆಗೆ ಬಂದಿವೆ, ನಾಳೆ ಇಲ್ಲಿರ್ತವೆ. ಹೊರಡು!"

ವಿಕ್ಟರ್ ರಜೆ ಹಾಕಿದರು. ಬೆಳಗಿನ ಜಾವ ಶೀಲಾಳನ್ನೂ ಎಬ್ಬಿಸಿಕೊಂಡು ಹೊರಟೆವು. ತಲುಪಿದಾಗ ಗುಡ್ಡದ ತುದಿಯಲ್ಲಿ ಮೀನಿನ ಹಿಂಡಿಗಾಗಿ ಕಾವಲು ನಿಂತಿದ್ದವನು ತನ್ನ ಅಂಗಿ ಬಿಚ್ಚಿ ಬೀಸುತ್ತಿದ್ದ. ಕಡಲಿನಲ್ಲಿ ಮೋಡದ ನೆರಳಿನಂಥ ಕಪ್ಪು ಮಚ್ಚೆ, ಆದರೆ ಆಕಾಶದಲ್ಲಿ ಒಂದು ಮೋಡವೂ ಇಲ್ಲ. ದೋಣಿ ಆ ಮಚ್ಚೆಯನ್ನು ಸುತ್ತುವರಿದು ಬಲೆ ಬಿಟ್ಟು ದಡಕ್ಕೆ ಬಂತು. ಹಗ್ಗ ಎಳೆಯಲು ಕೈಗಳು ಸಾಲುತ್ತಿರಲಿಲ್ಲ. ನಾವೂ ಹಿಡಿದೆವು. ಅಲೆ ಸೊಂಟಕ್ಕೆ ಹೊಡೆಯುತ್ತಿತ್ತು. ಬಲೆಯೊಳಗೆ ನೀರು ಕುದಿಯುತ್ತಿತ್ತು, ಬೆಳ್ಳಿಯ ಬೆನ್ನುಗಳು ಒಂದರ ಮೇಲೊಂದು ನೆಗೆಯುತ್ತಿದ್ದವು. ಶೀಲಾ ಕಿರುಚುತ್ತಿದ್ದಳು. ನನ್ನ ಅಂಗೈ ಸುಲಿದುಹೋಗಿತ್ತು, ಹಗ್ಗ ಇಂಚಿಂಚಾಗಿ ಕಡಲಿನ ಕಡೆಗೇ ಜಾರುತ್ತಿತ್ತು.

ಆಗ ರಸ್ತೆಯ ಮೇಲೆ ಒಂದು ಟ್ರಕ್ ನಿಂತಿತು. ಗ್ಯಾರಿ. ಅವನೀಗ ದೂರದ ಊರಿನಲ್ಲಿ ರಸ್ತೆ ಕೆಲಸಕ್ಕೆ ಸೇರಿದ್ದ, ಹಬ್ಬಕ್ಕೆ ಮಕ್ಕಳ ಹತ್ತಿರ ಬಂದಿದ್ದ. ಒಂದು ಗಳಿಗೆ ಮೇಲಿಂದಲೇ ನೋಡುತ್ತಾ ನಿಂತ. ಆಮೇಲೆ ಬೂಟು ಸಮೇತ ಮರಳಿನ ಇಳಿಜಾರಿನಲ್ಲಿ ಓಡಿಬಂದು, ನನ್ನ ಹಿಂದೆ ಹಗ್ಗ ಹಿಡಿದು, ಬಲೆಯ ಇನ್ನೊಂದು ತುದಿಯ ಹಗ್ಗ ಹಿಡಿದಿದ್ದ ಅಕ್ಕನಿಗೆ ಗಂಟಲು ಹರಿಯುವಂತೆ ಕೂಗಿದ:

"ಎಡಗಡೆ ಸಡಿಲ ಆಗ್ತಾ ಇದೆ, ಡಾಟ್! ಕಣ್ಣು ಕಾಣಲ್ವಾ ನಿಂಗೆ?"

ಡಾಟ್ ತಿರುಗಿ ನೋಡಿದಳು. ಹಗ್ಗವನ್ನು ತೋಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಕಾಣುತ್ತೆ! ಮಾತು ಸಾಕು, ಎಳಿ!"

ಎಳೆದೆವು.